ಹಳೆ ಸಿಜೆ3ಬಿ ಜೀಪಿಗೆ ಮುಂದಿನ ಡಿಸ್ಕ್ ಬ್ರೇಕ್: ಕೆಲವು ಮಳೆಗಾಲ ಓಡಿಸಿದ ಮೇಲಿನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ: ಮಲೆನಾಡಿನಲ್ಲಿ ಓಡುವ ಹಳೆ ಮಹೀಂದ್ರಾ ಜೀಪಿಗೆ ಹಾಕಿಸಬಹುದಾದ ಅತ್ಯುತ್ತಮ ಬದಲಾವಣೆ ಇದು. ಆದರೆ ಕಿಟ್ ಮಾರುವವರು ಕೊಡುವುದು ಚಕ್ರದ ಕಡೆಯ ಸಾಮಾನು ಮಾತ್ರ. ಪೆಡಲ್ ಕಡೆಯ ಕೆಲಸ ಬಿಟ್ಟರೆ ಮೊದಲಿದ್ದ ಡ್ರಮ್ ಬ್ರೇಕೇ ವಾಸಿ ಅನ್ನಿಸುತ್ತದೆ.

ಲಾಭ ಘಾಟಿಯಲ್ಲಿ ಗೊತ್ತಾಗುತ್ತದೆ. ಆಗುಂಬೆಯ 14 ತಿರುವು ಲೋಡಿನಲ್ಲಿ ಇಳಿಯುವಾಗ ಬಿಸಿಯಾದ ಡ್ರಮ್ ಹಿಗ್ಗಿ, ಒಳಗಿನಿಂದ ಅದಕ್ಕೆ ಒತ್ತುವ ಲೈನರಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತಲೇ ಇರುತ್ತದೆ. ಡಿಸ್ಕ್ ಬಿಸಿಯಾದರೆ ದಪ್ಪವಾಗುತ್ತದೆ, ಎರಡೂ ಬದಿಯಿಂದ ಅದನ್ನು ಹಿಡಿಯುವ ಪ್ಯಾಡಿನತ್ತಲೇ ಬರುತ್ತದೆ. ಹಳ್ಳ ದಾಟಿದ ಮೇಲೆ ಪೆಡಲ್ ಎರಡು ಸಲ ಒತ್ತಿದರೆ ಸಾಕು, ಬ್ರೇಕ್ ಹಿಡಿಯುತ್ತದೆ. ಎಡಕ್ಕೋ ಬಲಕ್ಕೋ ಎಳೆಯುವ ಕಾಟವೂ ಇಲ್ಲ, ಲೈನರ್ ಅಡ್ಜಸ್ಟ್ ಮಾಡುವ ತಲೆನೋವೂ ಇಲ್ಲ.

ಕಿಟ್ಟಿನಲ್ಲಿ ಮೊದಲು ಅಳೆಯಬೇಕಾದ್ದು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂರುವ ಬ್ರಾಕೆಟ್. ಜೀಪಿನ ಮುಂದಿನ ಆಕ್ಸಲ್ಲಿನಲ್ಲಿ, ಚಕ್ರದ ಹಬ್ ಸುತ್ತುವ ಸ್ಪಿಂಡಲನ್ನೂ ಡ್ರಮ್ಮಿನ ಹಿಂದಿನ ತಗಡಿನ ಪ್ಲೇಟನ್ನೂ ಅದೇ ಆರು ಬೋಲ್ಟು ಹಿಡಿದಿರುತ್ತವೆ. ತೆಳು ಪ್ಲೇಟ್ ತೆಗೆದು ಅದೇ ಜಾಗಕ್ಕೆ ದಪ್ಪ ಬ್ರಾಕೆಟ್ ಕೂರಿಸಿದರೆ ಸ್ಪಿಂಡಲ್ಲೂ ಹಬ್ಬೂ ಅಷ್ಟೇ ಹೊರಗೆ ಬರುತ್ತವೆ. ಆಗ ಆಕ್ಸಲ್ ಶಾಫ್ಟಿನ ಹಲ್ಲು, ಹಬ್ಬನ್ನು ತಿರುಗಿಸುವ ಹೊರಗಿನ ಡ್ರೈವ್ ಫ್ಲಾಂಜಿಗೆ ಪೂರ್ತಿ ಸಿಗುವುದಿಲ್ಲ. ಫೋರ್‌ವೀಲ್ ಹಾಕಿ ಕೆಸರಿನಲ್ಲಿ ಎಳೆದಾಗ ಹಲ್ಲು ಸವೆದುಹೋಗುತ್ತದೆ. ಒಳ್ಳೆಯ ಬ್ರಾಕೆಟ್ಟಿನಲ್ಲಿ ಸ್ಪಿಂಡಲ್ ಕೂರುವ ಜಾಗವನ್ನು ಲೇತಿನಲ್ಲಿ ಕೆತ್ತಿ ಹಳೆ ಪ್ಲೇಟಿನ ದಪ್ಪಕ್ಕೇ ತಂದಿರುತ್ತಾರೆ. ಬೋಲ್ಟನ್ನೂ ನೋಡಿಕೊಳ್ಳಿ. ಉದ್ದ ಜಾಸ್ತಿಯಾದರೆ ಒಳಗಿನ ಜಾಯಿಂಟಿಗೆ ತಾಗುತ್ತದೆ. ಎಲ್ಲ ಬಿಗಿದ ಮೇಲೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಶಾಫ್ಟನ್ನು ಕೈಯಲ್ಲೇ ಸುತ್ತಿಸಿ ನೋಡಬೇಕು.

ಹಬ್ಬಿನಿಂದ ಡ್ರಮ್ ಬಿಡಿಸಲು, ಚಕ್ರದ ನಟ್ ಬಿಗಿಯುವ ವೀಲ್ ಸ್ಟಡ್ಡುಗಳನ್ನು ಪ್ರೆಸ್ಸಿನಲ್ಲೇ ತೆಗೆಸಿ. ಸುತ್ತಿಗೆಯಲ್ಲಿ ಹೊಡೆದರೆ ಹಬ್ಬಿನ ಮುಖ ಡೊಂಕಾಗುತ್ತದೆ, ಆಮೇಲೆ ಡಿಸ್ಕ್ ಓಲಾಡುತ್ತದೆ. ಹಳೆ ಜೀಪುಗಳಲ್ಲಿ ಎಡಬದಿಯ ಸ್ಟಡ್ ಉಲ್ಟಾ ಥ್ರೆಡ್ ಇರುತ್ತದೆ. ಡಿಸ್ಕಿನ ದಪ್ಪ ಸೇರಿಸಿ ಉದ್ದದ ಸ್ಟಡ್ ತರುವಾಗ ಇದು ನೆನಪಿರಲಿ. ಡಯಲ್ ಗೇಜಿನಲ್ಲಿ ಡಿಸ್ಕಿನ ಓಲಾಟ 0.1 ಮಿ.ಮೀ. ಒಳಗೆ ಇರಬೇಕು. ವೀಲ್ ಬೇರಿಂಗ್ ನಟ್ಟನ್ನು ಹಬ್ ಬಿಗಿಯುವ ತನಕ ತಿರುಗಿಸಿ, ಆರನೇ ಒಂದು ಸುತ್ತು ಸಡಿಲಿಸುವ ಹಳೆ ಕ್ರಮವೇ ಸರಿ. ಬೇರಿಂಗ್ ಲೂಸ್ ಇದ್ದರೆ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ, ಮೊದಲ ಒತ್ತಿಗೆ ಪೆಡಲ್ ಟೊಳ್ಳು.

ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆಗೇ ಬರಬೇಕು. ಎಡದ್ದು ಬಲಕ್ಕೆ ಕೂರಿಸಿದರೆ ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಒಳಗೇ ಉಳಿಯುತ್ತದೆ.

ಇನ್ನು ಪೆಡಲ್ ಕಡೆ. ಡ್ರಮ್ಮಿನೊಳಗೆ ಲೈನರನ್ನು ಒತ್ತುವ 1 ಇಂಚಿನ ಹಳೆ ವೀಲ್ ಸಿಲಿಂಡರ್ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 5 ಚದರ ಸೆಂ.ಮೀ.; 54 ಮಿ.ಮೀ. ಕ್ಯಾಲಿಪರ್ ಪಿಸ್ಟನ್ನಿನದು ಸುಮಾರು 23. ಹಾಗಾಗಿ ಬ್ರೇಕ್ ಎಣ್ಣೆ ಜಾಸ್ತಿ ಬೇಕು. ಡ್ರಮ್ಮಿನ ಲೈನರಿನಂತೆ ಪ್ಯಾಡ್ ತಾನಾಗಿ ಕಚ್ಚಿಕೊಳ್ಳುವುದಿಲ್ಲವಾದ್ದರಿಂದ ಒತ್ತಡವೂ ಜಾಸ್ತಿ ಬೇಕು. ಹಾಗಾಗಿ ಪೆಡಲ್ ಒತ್ತಿದಾಗ ಅಷ್ಟು ಎಣ್ಣೆ ತಳ್ಳಬಲ್ಲ, ಮುಂದೆ ಹಿಂದೆ ಬೇರೆ ಬೇರೆ ಲೈನಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್, ಜೊತೆಗೆ ಕಾಲಿನ ಬಲ ಹೆಚ್ಚಿಸುವ ವ್ಯಾಕ್ಯೂಮ್ ಬೂಸ್ಟರ್ ಎರಡೂ ಬೇಕು. ಒಂದೇ ಲೈನಿನ ಹಳೆ ಸಿಲಿಂಡರಿನಲ್ಲಿ ಒಂದು ಹೋಸ್ ಹರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆ. ಇದೊಂದೇ ಕಾರಣಕ್ಕಾದರೂ ಟ್ಯಾಂಡಮ್ ಹಾಕಿಸಬೇಕು. ಪೆಟ್ರೋಲ್ ಇಂಜಿನ್ನಾದರೆ ವ್ಯಾಕ್ಯೂಮ್ ಮ್ಯಾನಿಫೋಲ್ಡಿನಿಂದಲೇ ಸಿಗುತ್ತದೆ. ಡೀಸೆಲ್ ಕೂರಿಸಿದ್ದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇಕೇ ಬೇಕು.

ಬಹಳ ಮೆಕ್ಯಾನಿಕರು ಮರೆಯುವುದು ಒತ್ತಡ ಹಿಡಿದಿಡುವ ವಾಲ್ವ್. ಪೆಡಲ್ ಬಿಟ್ಟ ಮೇಲೂ ಡ್ರಮ್ ಲೈನಿನಲ್ಲಿ ಅದು ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುತ್ತದೆ. ಮುಂದಿನ ಲೈನಿನಲ್ಲಿ ಅದನ್ನೇ ಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಾ ಹಬ್ ಮುಟ್ಟಲಾಗದಷ್ಟು ಕಾಯುತ್ತದೆ. ಹಾಗೆಂದು ಪೂರ್ತಿ ತೆಗೆಯುವ ಹಾಗೂ ಇಲ್ಲ: ಮಾಸ್ಟರ್ ಸಿಲಿಂಡರ್ ಜೀಪಿನ ನೆಲದಡಿ, ಕ್ಯಾಲಿಪರಿಗಿಂತ ಕೆಳಗಿದ್ದರೆ ನಿಲ್ಲಿಸಿದಾಗ ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ಅಲ್ಲಿಗೆ 2 ಪಿಎಸ್‌ಐ ವಾಲ್ವ್ ಸರಿ. ಹಿಂದಿನ ಡ್ರಮ್ಮಿಗೆ 10ರದ್ದೇ ಇರಲಿ.

ಬೂಸ್ಟರಿನ ಒತ್ತಡ ಹಿಂದಕ್ಕೂ ಹೋಗುತ್ತದಲ್ಲ, ಲೋಡಿಲ್ಲದ 80 ಇಂಚು ವೀಲ್‌ಬೇಸಿನ ಜೀಪು ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಿರಕಿ ಹೊಡೆಯಬಹುದು. ಹಿಂದಿನ ಲೈನಿಗೆ, ಒತ್ತಡ ತಗ್ಗಿಸುವ, ಅಡ್ಜಸ್ಟ್ ಮಾಡಬಹುದಾದ ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಖಾಲಿ ಮೈದಾನದಲ್ಲಿ ನಿಧಾನ ವೇಗದಲ್ಲಿ ಬ್ರೇಕ್ ಒತ್ತಿ, ಮುಂದಿನವು ಮೊದಲು ಲಾಕ್ ಆಗುವ ಹಾಗೆ ಹೊಂದಿಸಿ. ಹ್ಯಾಂಡ್‌ಬ್ರೇಕಿಗೆ ಏನೂ ತೊಂದರೆಯಿಲ್ಲ, ಅದು ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಪ್ರತ್ಯೇಕ ಇದೆ.

ನಿರ್ವಹಣೆಯಲ್ಲಿ ದೂರು ಒಂದೇ, ಕೆಮ್ಮಣ್ಣಿನ ಕೆಸರು. ಹಿಂದಿನ ತಗಡಿನ ಪ್ಲೇಟ್ ಹೋದ ಮೇಲೆ ಡಿಸ್ಕಿಗೆ ಮರೆಯಿಲ್ಲ. ಮರಳು ಸೇರಿ ಪ್ಯಾಡ್ ಬೇಗ ಸವೆಯುತ್ತದೆ, ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದು ಒಂದೇ ಕಡೆಯ ಪ್ಯಾಡ್ ತಿನ್ನುತ್ತದೆ. ಮಳೆಗಾಲ ಮುಗಿದ ಕೂಡಲೇ ಪಿನ್ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟು ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಪ್ಯಾಡ್ ಸವೆದಂತೆ ಎಣ್ಣೆಯ ಮಟ್ಟವೂ ಇಳಿಯುತ್ತದೆ, ಆಗಾಗ ಮುಚ್ಚಳ ತೆಗೆದು ನೋಡಿ. ಡಾಟ್ 4 ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.