ಮಾಂಟೆಸರಿ, ಮನೆಪಾಠ, ನಲಿ-ಕಲಿ: ಮಗಳ ಜೊತೆ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಕಲಿಸುವ ನಲಿ-ಕಲಿ ಪದ್ಧತಿಗೆ. ಮಗಳಿಗೀಗ 8 ವರ್ಷ, ಮೂರನೇ ಕ್ಲಾಸು. ಮೂರೂವರೆ ವರ್ಷಕ್ಕೆ ಅವಳನ್ನು ಮಾಂಟೆಸರಿ ಅಂತ ಬೋರ್ಡು ಹಾಕಿದ್ದ ಒಂದು ಖಾಸಗಿ ಶಾಲೆಗೆ ಸೇರಿಸಿದೆವು. ಅಲ್ಲಿ ಒಂದು ವರ್ಷ. ಆಮೇಲೆ ಒಂದೂವರೆ ವರ್ಷ ಮನೆಯಲ್ಲಿ ನಾನೇ ಕಲಿಸಿದೆ. ಆರು ತುಂಬಿದ ಮೇಲೆ, ಮೈಸೂರಿನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಶಾಲೆ.

ಮಾಂಟೆಸರಿ ಪದ್ಧತಿಯ ಮೇಲೆ ನನಗೆ ಆಗಲೂ ಪ್ರೀತಿ, ಈಗಲೂ ಪ್ರೀತಿ. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಶುರುಮಾಡಿದ ಶಾಲೆ ಅದು. 1939ರಲ್ಲಿ ಅವರು ಮದ್ರಾಸಿಗೆ ಬಂದರು. ಯುದ್ಧದ ವರ್ಷಗಳಲ್ಲಿ ಕೊಡೈಕೆನಾಲ್‌ನಲ್ಲೂ ಇದ್ದರು. ಮಗು ತನಗೆ ಬೇಕಾದ ಸಾಮಾನನ್ನು ತಾನೇ ಶೆಲ್ಫಿನಿಂದ ತೆಗೆದುಕೊಳ್ಳಬೇಕು, ಬೇಕಾದಷ್ಟು ಹೊತ್ತು ಅದರಲ್ಲಿ ಮುಳುಗಬೇಕು, ಮುಗಿದ ಮೇಲೆ ಇದ್ದ ಜಾಗದಲ್ಲೇ ಇಡಬೇಕು. ಇದನ್ನು ಓದಿಯೇ ನಾನು ವರ್ಷಕ್ಕೆ 52,000 ರೂಪಾಯಿ ಫೀಸು ಕಟ್ಟಿದ್ದು.

ಆದರೆ ನಮಗೆ ಸಿಕ್ಕಿದ್ದು ಬೋರ್ಡು ಮಾತ್ರ. ಒಂದರ ಮೇಲೊಂದು ಜೋಡಿಸುವ ಮರದ ಘನಗಳ ಪಿಂಕ್ ಟವರ್ ಇತ್ತು, ಎಣಿಸುವ ಮಣಿಗಳಿದ್ದವು. ಎಲ್ಲಾ ಗಾಜಿನ ಬೀರುವಿನೊಳಗೆ. ಬೀರು ತೆಗೆಯುತ್ತಿದ್ದದ್ದು ವಾರಕ್ಕೆ ಎರಡು ಸಲ, ಅದೂ ಟೀಚರ್ ಹೇಳಿದ ಸಾಮಾನಿಗೆ. ಉಳಿದ ಹೊತ್ತು ಕಾಪಿ ಬರೆಯೋದು. ಮೂರೂವರೆ ವರ್ಷದ ಮಗುವಿಗೆ 1ರಿಂದ 50ರವರೆಗೆ ಹೋಂವರ್ಕು. ಒಂದು ರಾತ್ರಿ ಅವಳು ಪೆನ್ಸಿಲ್ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ತೋರುಬೆರಳ ತುದಿ ಕೆಂಪಾಗಿತ್ತು. ಅವತ್ತೇ ನಾವಿಬ್ಬರೂ ತೀರ್ಮಾನ ಮಾಡಿದೆವು. ಮಾಂಟೆಸರಿ ಅನ್ನೋ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಸೇರಿಸುವ ಮುಂಚೆ ಬೀರುವಿಗೆ ಬೀಗ ಇದೆಯಾ ಅಂತ ನೋಡಿ, ಅಷ್ಟು ಸಾಕು.

ಮನೆಪಾಠಕ್ಕೆ ಆನ್‌ಲೈನ್‌ನಲ್ಲಿ 6,500 ರೂಪಾಯಿಯ ಒಂದು ಸೆಟ್ ತರಿಸಿದೆ. ಪಿಂಕ್ ಟವರ್‌ನಲ್ಲಿ 10 ಘನಗಳು ಇರಬೇಕು. ಚಿಕ್ಕದು 1 ಸೆಂಟಿಮೀಟರ್, ದೊಡ್ಡದು 10. ಒಂದೊಂದಕ್ಕೂ ಒಂದೊಂದು ಸೆಂಟಿಮೀಟರ್ ಜಾಸ್ತಿ. ನಮಗೆ ಬಂದ ಸೆಟ್ಟಿನಲ್ಲಿ 7 ಮತ್ತು 8ನೆಯದು ಹೆಚ್ಚುಕಮ್ಮಿ ಒಂದೇ ಅಳತೆ. ಮಗಳು ಮತ್ತೆ ಮತ್ತೆ ಜೋಡಿಸಿ, ಯಾವುದು ಕೆಳಗೆ ಅಂತ ನನ್ನ ಮುಖ ನೋಡುತ್ತಿದ್ದಳು. ತಪ್ಪಾದರೆ ಸಾಮಾನೇ ಮಗುವಿಗೆ ಹೇಳಬೇಕು, ದೊಡ್ಡವರು ಹೇಳಬಾರದು ಅನ್ನೋದೇ ಆ ಪದ್ಧತಿಯ ಜೀವ. ಅಳತೆ ತಪ್ಪಿದರೆ ಅದು ಸುಮ್ನೆ ಬಣ್ಣದ ಮರದ ತುಂಡು.

ಅದನ್ನು ಎತ್ತಿಟ್ಟು ನಮ್ಮತ್ತೆಯ ಹಳೇ ಸೇರು, ಪಾವು, ಚಟಾಕು ಕೆಳಗಿಳಿಸಿದೆ. ಒಂದು ಮೊರದ ತುಂಬ ರಾಗಿ. ಬೆಳಿಗ್ಗೆ ಹತ್ತಕ್ಕೆ ಕೂತವಳು ಹನ್ನೊಂದೂವರೆಗೆ ಎದ್ದಳು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಅಂತ ನಾನು ಹೇಳಿಕೊಡಲೇ ಇಲ್ಲ. ತಾನೇ ಕಂಡುಕೊಂಡು, ಓಡಿಬಂದು, ನನ್ನ ಸೆರಗು ಜಗ್ಗಿ ತೋರಿಸಿದಳು. ಒಂದು ಪಾವು ಕಡಿಮೆ ಹಾಕಿದರೆ ಸೇರು ತುಂಬಲ್ಲ. ತಪ್ಪನ್ನು ಸೇರೇ ಹೇಳುತ್ತದೆ, ಅಲ್ವಾ? ಮನೆಯಲ್ಲಿ ಕಲಿಸುವವರಿಗೆ ನಾನು ಧೈರ್ಯವಾಗಿ ಹೇಳುವ ಒಂದೇ ಮಾತು, ಸೆಟ್ಟಿಗೆ ದುಡ್ಡು ಹಾಕಬೇಡಿ, ಅಡುಗೆಮನೆ ಸಾಕು.

ಮನೆಪಾಠ ನಿಂತಿದ್ದು ಬೇರೆ ಕಾರಣಕ್ಕೆ. ಅವಳಿಗೆ ಜೊತೆ ಇರಲಿಲ್ಲ. ನಾನು ಲೆಕ್ಕಪತ್ರ ಬರೆಯುವ ಕೆಲಸವನ್ನೂ ಮನೆಯಲ್ಲೇ ಮಾಡುತ್ತೇನೆ. ತಿಂಗಳ ಕೊನೆಯ ವಾರ ನನ್ನ ತಾಳ್ಮೆ ಮುಗಿದಿರುತ್ತಿತ್ತು.

ಈಗ ನಲಿ-ಕಲಿ. ಇದು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು, ಯುನಿಸೆಫ್ ನೆರವಿನಿಂದ ಶುರುಮಾಡಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಒಟ್ಟು ಐದು ಗುಂಪು. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಒಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಪ್ರತಿ ಮಗು ತಾನೇ ಮಾಡಿಕೊಳ್ಳುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಒಂದಾದ ಮೇಲೊಂದು ಕಲಿಯುವುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗು ಏಣಿ ನೋಡಿ, ಅದೇ ಗುರುತಿನ ಕಾರ್ಡು ಹುಡುಕಿ ತಂದುಕೊಳ್ಳುತ್ತದೆ. ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪು ಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಅವರೇ ಬರೆದ ಚಿತ್ರಗಳು.

ನನ್ನ ಮನಸ್ಸು ಗೆದ್ದದ್ದು ಮೊದಲ ವರ್ಷದ ಸೀತಾಳೆ. ಚಿಕನ್‌ಪಾಕ್ಸ್ ಬಂದು ಮಗಳು 14 ದಿನ ಶಾಲೆಗೆ ಹೋಗಲಿಲ್ಲ. ಪಾಠ ತಪ್ಪಿತಲ್ಲ ಅಂತ ನಾನು ಒದ್ದಾಡುತ್ತಿದ್ದೆ. ವಾಪಸ್ ಹೋದ ದಿನ ಅವಳು ಏಣಿಯ ಹತ್ತಿರ ನಿಂತು, ಬಿಟ್ಟುಹೋದ ಮೆಟ್ಟಿಲಿಗೆ ಬೆರಳಿಟ್ಟು, ಕಾರ್ಡು ತೆಗೆದುಕೊಂಡು ಕೂತಳು. ಅವಳಿಗಾಗಿ ಪಾಠ ಅಲ್ಲೇ ಕಾದಿತ್ತು. ಮಗು ಕೇಂದ್ರ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ನನಗೆ ಅದು ಕಣ್ಣಿಗೆ ಕಂಡಿದ್ದು ಅವತ್ತು.

ತೊಂದರೆ ಇರಲಿಲ್ಲವಾ? ಇತ್ತು. ಅದೂ ಎರಡು ತಿಂಗಳು ನಮ್ಮ ಮನೆಯ ನೆಮ್ಮದಿ ಕೆಡಿಸಿದ ತೊಂದರೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಅಂತ ಅಲ್ಲ. ರ ಗ ಸ ದ ಅ. ಆಮೇಲೆ ಜ ವ ಮ ಬ ನ. ನಮ್ಮತ್ತೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಸ್ಲೇಟು ಹಿಡಿಸಿ ಕೂರಿಸುತ್ತಿದ್ದರು.

"ಅ ಆದ್ಮೇಲೆ ಏನ್ ಪುಟ್ಟಿ?"

"ಅ ಕೊನೇದು ಅಜ್ಜಿ. ಮೊದ್ಲು ರ."

ಅಜ್ಜಿಗೆ ತಡೆಯೋಕೆ ಆಗಲಿಲ್ಲ. "ಇದೆಂಥ ಸ್ಕೂಲಮ್ಮ, ಅಕಾರನೇ ಕೊನೆಗೆ ಹೇಳ್ಕೊಡ್ತಾರೆ" ಅಂತ ನನ್ನ ಮೇಲೆ ಬೇಸರ ಮಾಡಿಕೊಂಡರು. ಬೆಳಿಗ್ಗೆ ಒಂದು ಸಾಲು, ಸಂಜೆ ಇನ್ನೊಂದು ಸಾಲು. ಋ ಬರೆಯೋಕೆ ಬರದೆ ಮಗಳು ಸ್ಲೇಟು ದೂಡಿ ಅತ್ತಳು. ಯಾರ ಪರ ಮಾತಾಡಲಿ ಅಂತ ನನಗೂ ತಿಳಿಯಲಿಲ್ಲ. ಪಕ್ಕದ ಮನೆಯವರು ಬಂದು "ಎಲ್ಲಿ, ಕಾಗುಣಿತ ಹೇಳು ನೋಡೋಣ" ಅಂದಾಗ ಅವಳು ಸುಮ್ಮನೆ ನಿಂತಳು. ಅತ್ತೆ ಒಳಗೆ ಎದ್ದು ಹೋದರು.

ಟೀಚರ್ ಹತ್ತಿರ ಹೋಗಿ ಕೇಳಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಬರೆದೇ ತೋರಿಸಿದರು. ರ ಬರೆಯುವ ಕೈ ಸ್ವಲ್ಪ ತಿರುಗಿದರೆ ದ, ಅಲ್ಲಿಂದ ಅ. ಕೈಗೆ ಸುಲಭ. ಇನ್ನೊಂದು ಕಾರಣ ಇನ್ನೂ ದೊಡ್ಡದು. ಈ ಐದೇ ಅಕ್ಷರ ಬಂದರೆ ಮಗು ಸರ, ರಸ, ದರ, ಅಗಸ, ಅರಸ ಅಂತ ಪದ ಓದುತ್ತದೆ. ಮುಂದಿನ ಐದು ಸೇರಿದರೆ ಮರ, ಜನ, ನಗರ, ಬಸವ. ಸ್ವರಗಳನ್ನೇ ಸಾಲಾಗಿ ಕಲಿತ ಮಗುವಿಗೆ ಕಣ್ಣೆದುರಿನ ಒಂದು ವಸ್ತುವಿನ ಹೆಸರು ಬರೆಯೋಕೂ ಎಷ್ಟೋ ದಿನ ಕಾಯಬೇಕು.

ನಾನು ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಅವರು ಒಪ್ಪಲಿಲ್ಲ. ಒಪ್ಪಿಸಿದ್ದು ಮಗಳೇ. ಒಂದು ಸಂಜೆ ಹಾಲ್‌ನ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ಗರಗಸ" ಅಂತ ಬರೆದಳು. ನಮ್ಮ ಮಾವ ಬಡಗಿ ಕೆಲಸ ಮಾಡುತ್ತಿದ್ದವರು. ಅವರ ಗರಗಸ ಇವತ್ತಿಗೂ ಹಿತ್ತಲ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೆ. ಪದ ಓದಿ, ಬಾಗಿಲ ಕಡೆ ಕೈ ತೋರಿಸಿ, "ಅಜ್ಜಂದು" ಅಂದಳು. ಅತ್ತೆ ಎಷ್ಟೋ ಹೊತ್ತು ಆ ಅಕ್ಷರ ನೋಡುತ್ತಾ ಕೂತರು. ಮಾರನೇ ದಿನ ನೆಲ ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸಿದ್ದರು.

ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಬರೆಯುವುದು ಶಾಲೆಯ ಸಾಲಿನಂತೆ. ಅ ಆ ಇ ಈ ಅಜ್ಜಿಯ ಜೊತೆ ಬಾಯಲ್ಲಿ, ರಾಗವಾಗಿ. ಹೇಗೂ ನಿಘಂಟು ನೋಡೋಕೆ ಆ ಸಾಲು ಬೇಕೇ ಬೇಕು. ನಲಿ-ಕಲಿಗೆ ಸೇರಿಸುವವರು ಈ ಮಾತನ್ನು ಜೂನ್‌ನಲ್ಲೇ ಮನೆಯ ಹಿರಿಯರ ಜೊತೆ ಆಡಿಬಿಡಿ. ನಾವು ಆಗಸ್ಟ್‌ವರೆಗೆ ಒದ್ದಾಡಿದೆವು.

ಉಳಿದ ಕೊರತೆಗಳು ಚಿಕ್ಕವು. ಕೆಲವು ಕಾರ್ಡು ಹರಿದಿವೆ. ಟೀಚರ್‌ಗೆ ಸಮೀಕ್ಷೆ, ಚುನಾವಣೆ ಅಂತ ಬೇರೆ ಕೆಲಸ ಬಿದ್ದ ದಿನ ಐದು ಗುಂಪೂ ಒಂದೇ ಗದ್ದಲ. ಇಂಗ್ಲಿಷ್ ನಿಧಾನ. ಖರ್ಚಂತೂ ನೋಟ್‌ಬುಕ್ಕು, ಪೆನ್ಸಿಲ್ಲಿಗೆ ಅಷ್ಟೇ. ಬಿಸಿಯೂಟ, ಹಾಲು, ಪಠ್ಯಪುಸ್ತಕ ಶಾಲೆಯದೇ.

ನನಗೆ ನಿಜವಾದ ಚಿಂತೆ ನಾಲ್ಕನೇ ಕ್ಲಾಸು. ಅಲ್ಲಿ ಏಣಿ ಇಲ್ಲ. ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ತಾನು ಎಲ್ಲಿದ್ದೇನೆ ಅಂತ ತಾನೇ ನೋಡಿಕೊಂಡು ಅಭ್ಯಾಸವಾದ ಮಗುವಿಗೆ ಅದು ಕಷ್ಟವೇ. ಅದಕ್ಕೆ ಮನೆಯಲ್ಲಿ ಕ್ಯಾಲೆಂಡರಿನ ಹಿಂಬದಿಯ ಮೇಲೆ ಅವಳ ಕೈಯಲ್ಲೇ ಒಂದು ಏಣಿ ಬರೆಸಿದ್ದೇನೆ. ಮಗ್ಗಿಯಿಂದ ಶುರು.

ನಿಮ್ಮ ಕೈಯಲ್ಲಿ ದುಡ್ಡಿದ್ದು, ತರಬೇತಿ ಪಡೆದ ಟೀಚರ್, ಬೀಗವಿಲ್ಲದ ಶೆಲ್ಫು, ಮೂರರಿಂದ ಆರರ ಮಕ್ಕಳು ಒಟ್ಟಿಗೆ ಕೂರುವ ಕೋಣೆ, ಈ ಮೂರೂ ಇರುವ ಮಾಂಟೆಸರಿ ಸಿಕ್ಕರೆ ಖಂಡಿತ ಸೇರಿಸಿ. ನಮ್ಮ ಸಂಬಳಕ್ಕೆ, ನಮ್ಮ ಬೀದಿಗೆ ಅಂಥದ್ದು ಸಿಗಲಿಲ್ಲ. ಮಗನಿಗೆ ಈಗ ಮೂರು ವರ್ಷ. ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನ ಸೇರು-ಪಾವು-ರಾಗಿ, ಆರು ತುಂಬಿದ ಮೇಲೆ ಅಕ್ಕನ ಶಾಲೆ. ಅವನಿಗೆ ಮೊದಲು ರ ಹೇಳಿಕೊಡುತ್ತೇನೆ ಅಂತ ಅತ್ತೆ ಈಗಲೇ ಸ್ಲೇಟು ತಂದಿಟ್ಟಿದ್ದಾರೆ.