ಮೂಕವಲ್ಲದ ಮೂಕ ಗಂಟೆ: ನಟ್ ತಿರುಗಿಸುವ ಡಂಬೆಲ್ ಜೊತೆ 9 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಈ ಡಂಬೆಲ್ ಸೆಟ್ ಅಷ್ಟೇನೂ ಚೆನ್ನಾಗಿಲ್ಲ. ಆದರೂ 9 ತಿಂಗಳಿಂದ ವಾರಕ್ಕೆ 3 ದಿನ ಇದನ್ನೇ ಎತ್ತುತ್ತಿದ್ದೇನೆ, ಬದಲಾಯಿಸುವ ಮನಸ್ಸೂ ಇಲ್ಲ. ಕಂಪನಿಯ ಹೆಸರು ಹಾಕುವುದಿಲ್ಲ. ಈ ಥರದ ಸೆಟ್ ಬೇರೆ ಬೇರೆ ಹೆಸರಲ್ಲಿ ಬೇಕಾದಷ್ಟು ಸಿಗುತ್ತವೆ, ನೋಡೋಕೆ ಎಲ್ಲ ಅಣ್ಣತಮ್ಮಂದಿರ ಹಾಗೇ ಇರುತ್ತವೆ. ಹಾಗಾಗಿ ಇದನ್ನು ಆ ಜಾತಿಯ ಡಂಬೆಲ್‌ಗಳ ವಿಮರ್ಶೆ ಅಂತಲೇ ಓದಿಕೊಳ್ಳಿ.

ಪೆಟ್ಟಿಗೆಯಲ್ಲಿ ಬರುವುದು ಇಷ್ಟು. ಮರೆ (ನಟ್ ಕೂರುವ ತಿರುಪಿನ ಗೆರೆ) ಕೊರೆದ ಎರಡು ಕಬ್ಬಿಣದ ರಾಡ್, ನಕ್ಷತ್ರದಂಥ ನಾಲ್ಕು ನಟ್, ಎರಡೂವರೆ ಕಿಲೋದ ನಾಲ್ಕು ಪ್ಲೇಟ್, ಒಂದೂಕಾಲು ಕಿಲೋದ ನಾಲ್ಕು ಪ್ಲೇಟ್. ನಟ್ ಸಮೇತ ಒಂದು ರಾಡ್ ಎರಡೂವರೆ ಕಿಲೋ, ಎಲ್ಲ ಸೇರಿ 20 ಕಿಲೋ. ಎರಡೂ ಕೈಗೆ ಸಮ ಆಗುವಂತೆ ಹಾಕಿದರೆ 5, 7.5, 10 ಕಿಲೋ, ಮೂರೇ ಮೆಟ್ಟಿಲು. ಒಂದೇ ರಾಡಿಗೆ ಎಲ್ಲ ಪ್ಲೇಟ್ ತುರುಕಿದರೆ 17.5 ಕಿಲೋ ಆಗುತ್ತದೆ, ಎದೆಗೆ ಅವಚಿಕೊಂಡು ಸ್ಕ್ವಾಟ್, ಅಂದರೆ ಮಂಡಿ ಮಡಚಿ ಕೂತು ಏಳುವ ವ್ಯಾಯಾಮ, ಮಾಡೋಕೆ ಅದು ಬೇಕು. ಇದೆಲ್ಲ ಕಾಗದದ ಲೆಕ್ಕ. ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದರೆ 2.5 ಅಂತ ಅಚ್ಚಾಗಿರುವ ಒಂದು ಪ್ಲೇಟ್ 2.4 ತೂಗಿತು, ಇನ್ನೊಂದು 2.56. ಭಾರದ್ದನ್ನೂ ಹಗುರದ್ದನ್ನೂ ಜೋಡಿ ಮಾಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ. ಬಲಗೈಗೆ ಅನ್ಯಾಯ ಆಗಬಾರದಲ್ವಾ!

ಇಂಗ್ಲಿಷಿನಲ್ಲಿ ಡಂಬೆಲ್ ಅಂದರೆ ಮಾತಿನ ಅರ್ಥ ಮೂಕ ಗಂಟೆ. ನನ್ನ ಗಂಟೆಗಳಿಗೆ ಮಾತ್ರ ಬಾಯಿ ಜಾಸ್ತಿ. ನಟ್ ಎಷ್ಟೇ ಬಿಗಿ ಮಾಡಿ, ಎಂಟು ಹತ್ತು ಸಲ ಎತ್ತುವಷ್ಟರಲ್ಲಿ ಪ್ಲೇಟ್‌ಗಳು ಕಟಕಟ ಅನ್ನೋಕೆ ಶುರು ಮಾಡುತ್ತವೆ. ಬೆಳಿಗ್ಗೆ ಐದೂವರೆಗೆ ವ್ಯಾಯಾಮ ಮಾಡುವವರ ಮನೆಯಲ್ಲಿ ಬೇರೆಯವರೂ ಮಲಗಿರುತ್ತಾರೆ, ಅದನ್ನು ನೆನಪಿಟ್ಟುಕೊಂಡು ಕೊಳ್ಳಿ.

ನಾನು ಇದನ್ನು ತಗೊಂಡಿದ್ದು ಮೈಕಟ್ಟು ಬೆಳೆಸೋಕಲ್ಲ. ದಿನಾ ಮುಕ್ಕಾಲು ಗಂಟೆ ನಡೆಯುತ್ತಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಒಂದು ದಿನ ಅಟ್ಟದಿಂದ ಪುಸ್ತಕದ ಪೆಟ್ಟಿಗೆ ಇಳಿಸುವಾಗ ತೋಳು ಗಡಗಡ ನಡುಗಿತು. ಹತ್ತು ವರ್ಷದ ಹಿಂದೆ ಅದೇ ಪೆಟ್ಟಿಗೆಯನ್ನು ಮೇಲೆ ಹತ್ತಿಸಿದ್ದು ನಾನೇ. ಆಮೇಲೆ ಓದಿದಾಗ ಗೊತ್ತಾಯಿತು, ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟ್ ಸ್ನಾಯು ಕರಗುತ್ತದಂತೆ, ಅರವತ್ತರ ನಂತರ ಇನ್ನೂ ಬೇಗ. ನಡಿಗೆ ಹೃದಯಕ್ಕೆ, ಉಸಿರಿಗೆ ಒಳ್ಳೆಯದು, ಆದರೆ ತೋಳು ಬೆನ್ನಿನ ಈ ಸವಕಳಿಯನ್ನು ಅದು ಹೆಚ್ಚೇನೂ ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ ಒಂದು ಬಾಬ್ತು, ಮುಖ್ಯ ಸ್ನಾಯುಗಳಿಗೆಲ್ಲ ಕನಿಷ್ಠ 2 ದಿನ ಕೆಲಸ ಕೊಡುವುದು ಬೇರೆಯದೇ ಬಾಬ್ತು. ಮೊದಲನೆಯದನ್ನು ಮಾಡಿ ಎರಡನೆಯದಕ್ಕೂ ಅಂಕ ಹಾಕಿಕೊಂಡವನು ನಾನು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಮೊದಲ ತಿಂಗಳು ನನ್ನದು ಅದೇ ಕಥೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರದೋ ಮಾತು ಕೇಳುತ್ತಾ, ಮೊದಲ ದಿನವೇ 10 ಕಿಲೋ ಹಿಡಿದು, ಮೊಣಕೈ ಮಡಚಿ ಎತ್ತುವ ಬೈಸೆಪ್ಸ್ ಕರ್ಲ್. ಎತ್ತಿದ್ದು ತೋಳಲ್ಲ, ಸೊಂಟ. ಹಿಂದಕ್ಕೆ ಬಾಗಿ, ಜೋಲಿ ಹೊಡೆದು, ಹತ್ತು ಅಂತ ಎಣಿಸಿ ಮುಗಿಸುವುದು. ಮಾರನೇ ದಿನಕ್ಕಿಂತ ಅದರ ಮಾರನೇ ದಿನ ಜಾಸ್ತಿ ನೋವು. ಅದು ಸಹಜವೇ, ಅಭ್ಯಾಸವಿಲ್ಲದ ಸ್ನಾಯು ಒಂದರಿಂದ ಮೂರು ದಿನದೊಳಗೆ ಚೆನ್ನಾಗಿ ನೋಯುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಆದರೆ ಮೊಣಕೈ ಒಳಬದಿಯ ನೋವು ಮಾತ್ರ ಎರಡು ವಾರ ಹೋಗಲಿಲ್ಲ. ಸ್ನಾಯುವಿಗೆ ಬೇಗ ಬಲ ಬರುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಇದನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದರೆ ಚೆನ್ನಾಗಿತ್ತು. ಬರೆದಿದ್ದರೂ ನಾನು ಓದುತ್ತಿರಲಿಲ್ಲ ಬಿಡಿ.

ಕಥೆ ತಿರುಗಿದ್ದು ನಾಲ್ಕನೇ ತಿಂಗಳಲ್ಲಿ. ನಟ್ ಒಳಗೆ ಕಪ್ಪು ರಬ್ಬರ್ ಉಂಗುರ ಇರುತ್ತದೆ, ಪ್ಲೇಟಿಗೆ ಒತ್ತಿಕೊಂಡು ನಟ್ ಸಡಿಲ ಆಗದಂತೆ ಹಿಡಿಯುವುದು ಅದೇ. ಒಂದು ನಟ್‌ನ ಉಂಗುರ ಸೀಳಿ ಬಿದ್ದುಹೋಗಿತ್ತು, ನಾನು ನೋಡಿರಲಿಲ್ಲ. ತಲೆಯ ಮೇಲೆ ಎತ್ತುವ ಪ್ರೆಸ್ ಮಾಡುತ್ತಿದ್ದೆ. ಕಿವಿಯಲ್ಲಿ ಯಾರೋ ಮಾತಾಡುತ್ತಲೇ ಇದ್ದರು. ಆರನೇ ಸಲ ಕೆಳಗೆ ತರುವಾಗ ಎಡಗೈಯ ಡಂಬೆಲ್ ತಟ್ಟನೆ ಒಂದು ಕಡೆಗೆ ವಾಲಿತು. ನಟ್ ಹೆಗಲಿಗೆ ತಾಗಿ ಉರುಳಿತು. ಅದರ ಹಿಂದೆಯೇ ಎರಡೂವರೆ ಕಿಲೋ ಪ್ಲೇಟ್ ಜಾರಿ ನೆಲಕ್ಕೆ ಬಿತ್ತು, ಹೆಬ್ಬೆರಳಿಂದ ನಾಲ್ಕು ಬೆರಳು ದೂರ. ನೆಲದ ಟೈಲ್ಸ್‌ನಲ್ಲಿ ಅರ್ಧಚಂದ್ರದಂಥ ಬಿರುಕು ಈಗಲೂ ಇದೆ. ಆ ನಟ್ ಮೊದಲ ಸಲಕ್ಕೇ ಕಿರುಗುಟ್ಟಿರಬೇಕು, ಪ್ಲೇಟ್ ಅಲುಗಾಡಿರಬೇಕು, ಭಾರ ಒಂದು ಬದಿಗೆ ಸರಿದಿದ್ದು ಅಂಗೈಗೆ ಗೊತ್ತಾಗಿಯೇ ಇರುತ್ತದೆ. ಕೇಳಿಸಿಕೊಳ್ಳೋಕೆ ನಾನೇ ಅಲ್ಲಿರಲಿಲ್ಲ.

ಅವತ್ತಿಂದ ಇಯರ್‌ಫೋನ್ ಕೋಣೆಯ ಹೊರಗೆ.

ಮನಸ್ಸಿಟ್ಟು ವ್ಯಾಯಾಮ ಮಾಡಿ ಅಂತ ಯಾರಾದರೂ ಹೇಳಿದರೆ ಮೊದಲು ನನಗೆ ನಗು ಬರುತ್ತಿತ್ತು, ಕಣ್ಮುಚ್ಚಿ ಧ್ಯಾನಕ್ಕೆ ಕೂತವರ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಈಗ ನಾನು ಮಾಡುವುದು ತುಂಬಾ ಸಾದಾ ಕೆಲಸ. ಬೆನ್ನಿಗೆ ರೋ ಮಾಡುವಾಗ ಉದಾಹರಣೆಗೆ, ಒಂದು ಕೈಯನ್ನು ಕುರ್ಚಿಗೆ ಊರಿ ಬಾಗುತ್ತೇನೆ. ಪಾದದ ಭಾರ ಹಿಮ್ಮಡಿಯಲ್ಲಿದೆಯಾ ನೋಡುತ್ತೇನೆ. ಮೊಣಕೈಯನ್ನು ಸೊಂಟದ ಕಡೆ ಎಳೆಯುತ್ತಾ ಉಸಿರು ಬಿಡುತ್ತೇನೆ, ಮೇಲೆ ಒಂದು ಕ್ಷಣ ನಿಲ್ಲಿಸುತ್ತೇನೆ, ಹೆಗಲ ಮೂಳೆ ಬೆನ್ನಿಗೆ ಅಂಟಿದ್ದು ಗೊತ್ತಾಗಬೇಕು. ಇಳಿಸುವಾಗ ಮೂರು ಎಣಿಸುತ್ತೇನೆ. ಈ ಇಳಿಸುವುದಿದೆಯಲ್ಲ, ಅದನ್ನು ನಾನು ಮೂರು ತಿಂಗಳು ಪುಕ್ಕಟೆ ಬಿಟ್ಟುಕೊಟ್ಟಿದ್ದೆ. ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಾಗಲೂ ಅದಕ್ಕೆ ಕೆಲಸವೇ, ಕೈಬಿಟ್ಟರೆ ಅರ್ಧ ವ್ಯಾಯಾಮ ಭೂಮಿಯ ಪಾಲು. ಉಸಿರು ಕಟ್ಟಿ ಎತ್ತುವ ಚಟವೂ ಆಗಲೇ ಕಣ್ಣಿಗೆ ಬಿತ್ತು. ಉಸಿರು ಬಿಗಿಹಿಡಿದರೆ ಆ ಹೊತ್ತಿಗೆ ರಕ್ತದೊತ್ತಡ ಸಿಕ್ಕಾಪಟ್ಟೆ ಏರುತ್ತದೆ, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಈಗ ಈ ಸೆಟ್‌ನ ದೊಡ್ಡ ದೋಷಕ್ಕೆ ಬರೋಣ. 5 ಕಿಲೋ ಆದ ಮೇಲೆ ನೇರ 7.5. ಕೇಳೋಕೆ ಎರಡೂವರೆ ಕಿಲೋ ಅಷ್ಟೇ, ಲೆಕ್ಕ ಹಾಕಿದರೆ ಒಂದೂವರೆ ಪಟ್ಟು. ಕಾಲಿಗೆ ಇದು ಏನೂ ಅಲ್ಲ, ಭುಜಕ್ಕೆ ಬೆಟ್ಟ. ಪ್ರಾಚೀನ ಗ್ರೀಸಿನ ಕುಸ್ತಿಪಟು ಮೈಲೋ ದಿನಾ ಒಂದು ಕರುವನ್ನು ಹೊತ್ತು, ಅದು ದೊಡ್ಡ ಎತ್ತಾಗುವ ಹೊತ್ತಿಗೆ ಎತ್ತನ್ನೇ ಹೊರುತ್ತಿದ್ದ ಅಂತ ಕಥೆ ಇದೆ. ಕಥೆ ಹೇಗಾದರೂ ಇರಲಿ, ಆ ಕರು ರಾತ್ರಿ ಬೆಳಗಾಗುವುದರೊಳಗೆ ಒಂದೂವರೆ ಪಟ್ಟು ಬೆಳೆದಿರಲಿಲ್ಲ ತಾನೇ? 1945ರಲ್ಲಿ ಅಮೆರಿಕದ ಸೇನೆಯ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ ಬಲ ತಂದುಕೊಟ್ಟ ಬಗ್ಗೆ ಬರೆದಾಗಲೂ ತಿರುಳು ಇದೇ, ಭಾರ ಸ್ವಲ್ಪ ಸ್ವಲ್ಪವೇ ಏರಬೇಕು. ಈಗ ಎಲ್ಲರ ಬಾಯಲ್ಲಿರುವ, ಹತ್ತು ಹತ್ತು ಸಲ ಎತ್ತುವ ಮೂರು ಸೆಟ್ (ಸುತ್ತು) ಲೆಕ್ಕವೂ 1948ರ ಹೊತ್ತಿಗೆ ಅವರ ಕಡೆಯಿಂದಲೇ ಹರಡಿದ್ದು. ಪೆಟ್ಟಿಗೆಯಲ್ಲಿ ಅರ್ಧ ಕಿಲೋದ ನಾಲ್ಕು ಪ್ಲೇಟ್ ಇಟ್ಟಿದ್ದರೆ ಈ ಕಂಪನಿಯವರ ಗಂಟೇನೂ ಹೋಗುತ್ತಿರಲಿಲ್ಲ.

ನಾನು ಕಂಡುಕೊಂಡ ದಾರಿ ಇದು. 5 ಕಿಲೋವನ್ನೇ ನಿಧಾನ ಮಾಡಿದೆ. ಮೂರು ಎಣಿಸಿ ಇಳಿಸುತ್ತಿದ್ದವನು ಐದು ಎಣಿಸಿದೆ, ಕೆಳಗೆ ಒಂದು ಕ್ಷಣ ನಿಲ್ಲಿಸಿದೆ, ಎಂಟು ಸಲದಿಂದ ಹದಿನೈದು ಸಲದವರೆಗೆ ಹೋದೆ. ಅದೇ 5 ಕಿಲೋ ಹೊಸ ಭಾರದ ಹಾಗೆ ಅನ್ನಿಸಿತು. ಆರು ವಾರದ ನಂತರ 7.5 ಹಿಡಿದಾಗ ಐದು ಸಲ ಎತ್ತೋಕೆ ಆಯಿತು, ಈಗ ಒಂಬತ್ತು. ಗಮನ ಇಟ್ಟರೆ ನಿಜವಾಗಲೂ ಲಾಭ ಇದೆಯಾ, ಅಥವಾ ಇದು ನನ್ನ ಸಮಾಧಾನವಾ ಅಂತ ಹುಡುಕಿದೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ 30 ಹುಡುಗರು 8 ವಾರ ವ್ಯಾಯಾಮ ಮಾಡಿದ್ದರು. ಸ್ನಾಯುವನ್ನೇ ಹಿಂಡುವ ಕಡೆ ಗಮನ ಇಟ್ಟವರ ತೋಳಿನ ಸ್ನಾಯು 12.4 ಪರ್ಸೆಂಟ್ ದಪ್ಪವಾಯಿತು, ಭಾರ ಮೇಲೇರಿಸಿದರೆ ಸಾಕು ಅಂತ ಎತ್ತಿದವರದು 6.9. ತೊಡೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 2016ರ ಇನ್ನೊಂದು ಅಧ್ಯಯನ ಬೆಂಚ್ ಪ್ರೆಸ್ ಮೇಲೆ, ಅಂದರೆ ಬೆಂಚಿನ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವುದು. ಒಬ್ಬರು ಎತ್ತಬಲ್ಲ ಗರಿಷ್ಠ ಭಾರದ 60 ಪರ್ಸೆಂಟ್‌ವರೆಗೆ ಗಮನ ಇಟ್ಟ ಸ್ನಾಯು ಜಾಸ್ತಿ ಕೆಲಸ ಮಾಡಿತು, 80ಕ್ಕೆ ಹೋದರೆ ಆ ಆಟ ನಡೆಯಲಿಲ್ಲ. ಅಂದರೆ ಭಾರ ತುಂಬಾ ಆದಾಗ ಮೈಗೆ ಎತ್ತುವುದೊಂದೇ ಚಿಂತೆ. ಹಗುರ ಡಂಬೆಲ್ ಇರುವ ನನ್ನಂಥವರಿಗೆ ಮನಸ್ಸಿಡುವುದು ಹೇಳಿ ಮಾಡಿಸಿದ ಉಪಾಯ, ದೊಡ್ಡ ಭಾರದವರಿಗೆ ಅಷ್ಟಲ್ಲ.

ನಟ್ ತಿರುಗಿಸುವ ಕಿರಿಕಿರಿಯೂ ಇದಕ್ಕೇ ಸೇರುತ್ತದೆ. ನಾಲ್ಕು ನಟ್ ಬಿಚ್ಚಿ, ಪ್ಲೇಟ್ ಬದಲಿಸಿ, ಮತ್ತೆ ಬಿಗಿ ಮಾಡೋಕೆ ಒಂದೂವರೆ ಎರಡು ನಿಮಿಷ ಹಿಡಿಯುತ್ತದೆ. ಗುಂಡಿ ತಿರುಗಿಸಿದರೆ ಭಾರ ಬದಲಾಗುವ ಡಂಬೆಲ್ ಸಿಗುತ್ತವೆ, ಗೆಳೆಯನ ಹತ್ತಿರ ಇದೆ, ಮೂರು ಸೆಕೆಂಡಿನ ಕೆಲಸ. ಆದರೆ ಅವನು ಉಳಿದ ಎರಡು ನಿಮಿಷ ಫೋನ್ ನೋಡುತ್ತಾನೆ, ಅದು ಎಂಟು ನಿಮಿಷ ಆಗುತ್ತದೆ. ಸೆಟ್‌ಗಳ ನಡುವೆ ಹೇಗೂ ಅಷ್ಟು ಸುಧಾರಿಸಿಕೊಳ್ಳಬೇಕು, ನಾನು ಆ ಹೊತ್ತಲ್ಲಿ ನಟ್ ಬಿಗಿ ಮಾಡುತ್ತೇನೆ, ಉಂಗುರ ಸರಿ ಇದೆಯಾ ಅಂತ ಬೆರಳು ಹಾಕಿ ನೋಡುತ್ತೇನೆ. ಅವನ ಡಂಬೆಲ್ ನಿಸ್ಸಂಶಯವಾಗಿ ನನ್ನದಕ್ಕಿಂತ ಒಳ್ಳೆಯ ವಸ್ತು. ಆದರೆ ಅದನ್ನು ಕೆಳಗೆ ಬೀಳಿಸಬಾರದು, ಒಳಗಿನ ಯಂತ್ರ ಕೆಟ್ಟರೆ ನಮ್ಮ ಕೈಲಿ ರಿಪೇರಿ ಆಗುವುದಿಲ್ಲ.

ಕಂಪನಿಯ ಸೇವೆ ಬಗ್ಗೆ ಎರಡೇ ಮಾತು. ಉಂಗುರಕ್ಕೆ ಬರೆದೆ, ಫೋಟೋ ಕೇಳಿದರು, ಕಳಿಸಿದೆ, ಇನ್ನೊಂದು ಕೋನದಿಂದ ಕೇಳಿದರು. ಮೂರು ವಾರಕ್ಕೆ ಉಂಗುರ ಬಂತು, ಅಳತೆ ತಪ್ಪು. ಕೊನೆಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ನಾನೇ ನಾಲ್ಕು ಉಂಗುರ ಮಾಡಿಕೊಂಡೆ, ಮೂಲದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತವೆ. ಕಟಕಟವೂ ಅರ್ಧಕ್ಕರ್ಧ ಕಡಿಮೆಯಾಯಿತು. ಬಣ್ಣ ಅಂಚಲ್ಲಿ ಎದ್ದಿದೆ, ಮರೆಗಳಲ್ಲಿ ತುಕ್ಕು ಕಾಣಿಸಿತ್ತು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಿದ ಮೇಲೆ ಸುಮ್ಮನಾಗಿದೆ. ಹಿಡಿಯ ಮೇಲಿನ ಗೀರುಗಳು ಮಾತ್ರ ಅಪ್ಪಟ, ಬೆವರಿದ ಕೈಯಲ್ಲೂ ಜಾರುವುದಿಲ್ಲ.

ಮೈಗೆ ಏನಾಯಿತು ಅಂತ ಕೇಳುತ್ತೀರಿ, ಗೊತ್ತು. ತೂಕ ಒಂದು ಕಿಲೋನೂ ಇಳಿದಿಲ್ಲ. ಅದಕ್ಕೆ ಅಂತ ಕೊಳ್ಳುವವರು ಇಲ್ಲೇ ನಿಲ್ಲಿಸಿ. ರೋ 5 ಕಿಲೋದಲ್ಲಿ ಎಂಟು ಸಲ ಆಗುತ್ತಿದ್ದದ್ದು 10 ಕಿಲೋದಲ್ಲಿ ಹನ್ನೆರಡು ಸಲ ಆಗುತ್ತದೆ. ಮೊದಲ ಕೆಲವು ವಾರ ಬಂದ ಬಲದಲ್ಲಿ ಸ್ನಾಯು ಬೆಳೆದಿದ್ದು ಕಡಿಮೆ, ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸೋಕೆ ಕಲಿತಿದ್ದು ಜಾಸ್ತಿ. ಹಾಗಾಗಿ ಕನ್ನಡಿಯಲ್ಲಿ ಏನೂ ಕಾಣಲಿಲ್ಲ ಅಂತ ಎರಡನೇ ತಿಂಗಳಿಗೇ ಬಿಡಬೇಡಿ. ಅಟ್ಟದ ಪೆಟ್ಟಿಗೆ ಮತ್ತೆ ಮೇಲೆ ಹೋಯಿತು. ಕಾಲಿಗೆ ಮಾತ್ರ ಈ ಸೆಟ್ ಈಗ ಸಾಲುತ್ತಿಲ್ಲ. 17.5 ಕಿಲೋ ಹಿಡಿದು ಹದಿನೈದು ಸ್ಕ್ವಾಟ್ ಆರಾಮಾಗಿ ಆಗುತ್ತದೆ, ಅದಕ್ಕೇ ಒಂದು ಕಾಲನ್ನು ಹಿಂದೆ ಕುರ್ಚಿ ಮೇಲಿಟ್ಟು ಮಾಡುತ್ತೇನೆ. ಈಗಾಗಲೇ ಬಲ ಇರುವವರು, ಚಿಕ್ಕ ಮಕ್ಕಳು ಓಡಾಡುವ ಮನೆಯವರು ಇದನ್ನು ತಗೋಬೇಡಿ. ಹೊಸಬರು ತಗೊಳ್ಳಿ, ತಗೊಂಡ ದಿನವೇ ಉಂಗುರ ನೋಡಿ. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ, ಅದರಲ್ಲಿ ಅರ್ಧ ನನ್ನ ಸೈಕಲ್ ಟ್ಯೂಬಿನದು.

ಇನ್ನೊಂದು ವಿಷಯ. ಅಮ್ಮನಿಗೆ ಎಪ್ಪತ್ತೆರಡು. ಕುರ್ಚಿಯಿಂದ ಏಳುವಾಗ ಕೈ ಊರಲೇಬೇಕಿತ್ತು. 1990ರಲ್ಲಿ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವಯಸ್ಸಿನ 10 ಜನರಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ್ದರು, ಕೊನೆಯವರೆಗೆ ಮಾಡಿದ 9 ಜನರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಏರಿತ್ತು. ಅದನ್ನು ಅಮ್ಮನಿಗೆ ಓದಿ ಹೇಳಿದೆ. "ನನ್ನನ್ನೂ ಆ ಲೆಕ್ಕಕ್ಕೆ ಸೇರಿಸಿದ್ಯೇನೋ, ನಂಗಿನ್ನೂ ತೊಂಬತ್ತಾಗಿಲ್ಲ ಕಣೋ" ಅಂದರು. ಡಾಕ್ಟರು ಅಡ್ಡಿಯಿಲ್ಲ ಅಂದ ಮೇಲೆ, ಕುರ್ಚಿಯಲ್ಲಿ ಕೂತು ಏಳುವುದು ಶುರು ಮಾಡಿಸಿದೆ, ಮೊದಲು ಬರಿಗೈಯಲ್ಲಿ, ಆಮೇಲೆ ಒಂದೂಕಾಲು ಕಿಲೋ ಪ್ಲೇಟನ್ನು ಎದೆಗೆ ಅವಚಿಕೊಂಡು. ಕೂರುವಾಗ ಧೊಪ್ಪನೆ ಕೂರಬಾರದು ಅಂದಿದ್ದೆ, ಈಗ ನಾನು ಡಂಬೆಲ್ ಬೇಗ ಇಳಿಸಿದರೆ ಒಳಗಿನಿಂದಲೇ "ಮೂರು ಎಣಿಸೋ" ಅಂತಾರೆ. ಕಳೆದ ತಿಂಗಳು ಒಂದು ಪ್ಲೇಟ್ ಸಾಲದು ಅಂತ ಎರಡು ತಗೊಂಡರು. ನಾಲ್ಕರಲ್ಲಿ ಎರಡು ಅವರ ಕೋಣೆಯಲ್ಲೇ ಇವೆ, ಕೇಳಿದರೆ ಕೊಡುವುದಿಲ್ಲ. ನನ್ನ 5 ಕಿಲೋ ಈಗ ಒಂದು ಕೈಗೆ ಮಾತ್ರ.