ಹಾವಿನ ಕಣ್ಣಿನ ಪೊರೆಗೆ ಚಿಮಟ ಹಾಕಬೇಡಿ

ನಮ್ಮ ಗುಂಡನಿಗೆ ಈಗ ಒಂದೇ ಕಣ್ಣು. ಇನ್ನೊಂದನ್ನು ಕಳೆದವನು ನಾನು. ಮನೆಯಲ್ಲಿ ಬಾಲ್ ಪೈಥಾನ್ ಸಾಕಿರುವವರು ಇದನ್ನು ಓದಿಯೇ ಮುಂದಿನ ಕೆಲಸಕ್ಕೆ ಹೋಗಿ.

ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಮಗಳ ಹಟಕ್ಕೆ ಮಣಿದು ತಂದ ಹಾವು ಇದು. ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ ಎಂದು ಗುಂಡ ಎಂಬ ಹೆಸರು ಇಟ್ಟವಳೂ ಅವಳೇ. (ಇದನ್ನು ಓದಿ ಊರಿನಲ್ಲಿ ಹೆಬ್ಬಾವಿನ ಮರಿ ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಗುಂಡ ಆಫ್ರಿಕಾ ಮೂಲದ ಬೇರೆಯೇ ಜಾತಿ.)

ಕಳೆದ ಜನವರಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ, ಒಳಗೆ ಹಗಲಿರುಳು ಹೀಟರ್. ನಮ್ಮ ತುಟಿಗಳೇ ಒಡೆದು ರಕ್ತ ಜಿನುಗುತ್ತಿದ್ದವು, ಆದರೂ ಹಾವಿನ ಚರ್ಮದ ಗತಿಯೇನು ಎಂದು ನನಗೆ ಹೊಳೆಯಲಿಲ್ಲ. ಗುಂಡನ ಮೈಬಣ್ಣ ಮಂಕಾಯಿತು. ಕಣ್ಣುಗಳು ನೀರು ಬೆರೆಸಿದ ಹಾಲಿನಂತಾದವು. ವಿಡಿಯೊ ಕರೆಯಲ್ಲಿ ನೋಡಿದ ಅಮ್ಮ ಸಾಗರದಿಂದಲೇ ತೀರ್ಪು ಕೊಟ್ಟರು: "ಪೊರೆ ಬಂದಿದೆ. ಅದು ಬಿಡುವವರೆಗೆ ತಂಟೆಗೆ ಹೋಗಬೇಡ ಮಾರಾಯ." ಆಗಷ್ಟೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅಮ್ಮನಿಗೆ ಲೋಕವೆಲ್ಲ ಪೊರೆಯೇ ಕಾಣುತ್ತದೆ ಎಂದು ತಮಾಷೆ ಮಾಡಿದೆ.

ವಾರದ ನಂತರ ಪೊರೆ ಬಿಟ್ಟಿತು. ಆದರೆ ಸರಿಯಾಗಿ ಬಿಡಲಿಲ್ಲ. ಆರೋಗ್ಯವಾಗಿರುವ ಹಾವಿನ ಪೊರೆ ತುಟಿಯ ಹತ್ತಿರ ಬಿಚ್ಚಿಕೊಂಡು, ಕಾಲುಚೀಲ ಒಳಮಗ್ಗುಲು ಹೊರಗಾಗಿ ಕಳಚುವಂತೆ ಒಂದೇ ತುಂಡಾಗಿ ಬರುತ್ತದೆ. ನಮ್ಮದು ಹಳೆಯ ಸುಣ್ಣದ ಗೋಡೆಯಂತೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಬಾಲದ ತುದಿಯಲ್ಲಿ ಎರಡು ಉಂಗುರ ಉಳಿದವು. ಬಲಗಣ್ಣು ಫಳಫಳ ಹೊಳೆಯುತ್ತಿತ್ತು, ಎಡಗಣ್ಣಿನ ಮೇಲೆ ಮಾತ್ರ ಸುಕ್ಕುಬಿದ್ದ ಮಂಕು ಪದರ.

ಬಾಲದ ಉಂಗುರಗಳು ಒದ್ದೆ ಟವೆಲಿನಲ್ಲಿ ಸಲೀಸಾಗಿ ಜಾರಿ ಬಂದವು. ನನ್ನ ತಲೆ ತಿರುಗಿದ್ದು ಅಲ್ಲಿಯೇ. ಹಾವು ಮಾರಿದ ಅಂಗಡಿಗೆ ಫೋನು ಮಾಡಿದರೆ, "ಕಣ್ಣಿನದನ್ನು ಚಿಮಟದಲ್ಲಿ ಎತ್ತಿಬಿಡಿ, ಒಂದು ನಿಮಿಷದ ಕೆಲಸ" ಎಂದರು. ಮಗಳು ತಲೆ ಹಿಡಿದಳು. ಪದರದ ಅಂಚು ಚಿಮಟಕ್ಕೆ ಸಿಕ್ಕಿತು, ಎಳೆದೆ. ಗಾಯಕ್ಕೆ ಅಂಟಿದ ಬ್ಯಾಂಡೇಜು ಹಿಡಿದುಕೊಳ್ಳುವಂತೆ ಅದು ಒಂದು ಕ್ಷಣ ತಡೆಯಿತು. ಅಲ್ಲಿಗಾದರೂ ಬಿಡಬೇಕಿತ್ತು, ಬಿಡಲಿಲ್ಲ. ಗುಂಡ ಮೈಯೆಲ್ಲ ಕೊಡವಿದ. ಚಿಮಟದಲ್ಲಿ ಬಂದದ್ದು ಒಣ ಪದರವಷ್ಟೇ ಅಲ್ಲ, ಅದರ ಹಿಂದೆ ಒದ್ದೆಯಾದ ಇನ್ನೊಂದಿತ್ತು.

ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ. ಕಣ್ಣನ್ನು ಕಾಯುವುದು ಪಾರದರ್ಶಕವಾದ ಒಂದು ಹುರುಪೆ. ಪ್ರತಿ ಸಲ ಪೊರೆಯ ಜೊತೆ ಅದರ ಹಳೆಯ ಪದರ ಹೋಗಿ ಹೊಸದು ಉಳಿಯುತ್ತದೆ. ನಾನು ಹರಿದದ್ದು ಆ ಹೊಸದನ್ನೂ ಸೇರಿಸಿ. ಕಣ್ಣು ಒಣಗಿತು, ಕೀವು ತುಂಬಿತು. ಮುಲಾಮು, ಚುಚ್ಚುಮದ್ದು ಎಂದು ಮೂರು ವಾರ ಒದ್ದಾಡಿದ ಮೇಲೆ ವೈದ್ಯರು ಕಣ್ಣನ್ನೇ ತೆಗೆದರು.

ಮೊದಲ ದಿನವೇ ಅವರು ಕೇಳಿದ್ದರು: "ಪೆಟ್ಟಿಗೆಯೊಳಗೆ ತೇವಾಂಶ ಎಷ್ಟು?" "ಶೇಕಡಾ 60" ಎಂದು ಜಂಬದಿಂದ ಹೇಳಿದ್ದೆ. ಗಾಜಿಗೆ ಅಂಟಿಸಿದ ಮುಳ್ಳಿನ ಮಾಪಕ ಎರಡು ವರ್ಷದಿಂದ ಅಲ್ಲಿಯೇ ನಿಂತಿತ್ತು, ನಿಜವಾಗಿಯೂ ನಿಂತೇ ಹೋಗಿತ್ತು! ಡಿಜಿಟಲ್ ಮಾಪಕ ತಂದಿಟ್ಟರೆ 27. ಮೇಲೆ ಜಾಲರಿ ಮುಚ್ಚಳ, ಅದರ ಮೇಲೆ ಶಾಖದ ದೀಪ. ಇದ್ದಬದ್ದ ತೇವವೆಲ್ಲ ಆರಿಹೋಗುತ್ತಿತ್ತು. ದೀಪದ ಜಾಗ ಬಿಟ್ಟು ಉಳಿದ ಜಾಲರಿಯನ್ನು ಮುಚ್ಚಿದೆವು, ನೀರಿನ ಬೋಗುಣಿಯನ್ನು ದೊಡ್ಡದು ಮಾಡಿದೆವು, ಒದ್ದೆ ಪಾಚಿ ತುಂಬಿದ ಡಬ್ಬಿಗೆ ತೂತು ಕೊರೆದು ಅಡಗುದಾಣ ಮಾಡಿಟ್ಟೆವು. ಈಗ 60ರ ಆಸುಪಾಸಿನಲ್ಲಿರುತ್ತದೆ, ಪೊರೆ ಬಂದಾಗ 70ಕ್ಕೆ ಏರಿಸುತ್ತೇವೆ. ಮೈ ಉಜ್ಜಿಕೊಳ್ಳಲು ಒಂದು ಒರಟು ಕೊರಡೂ ಇದೆ.

ಮೈಮೇಲೆ ಪೊರೆ ಉಳಿದರೆ 28-30 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ಹಾವಿನ ಅರ್ಧ ಮೈ ಮುಳುಗುವಷ್ಟೇ ಹಾಕಿ, ಇಪ್ಪತ್ತು ನಿಮಿಷ ಬಿಡಿ. ಪಕ್ಕದಿಂದ ಏಳಬೇಡಿ. ಆಮೇಲೆ ಒದ್ದೆ ಟವೆಲಿನ ಮಡಿಕೆಗಳಲ್ಲಿ ತಾನೇ ಹರಿದಾಡಲಿ, ಎಳೆಯುವ ಕೆಲಸ ನಿಮ್ಮದಲ್ಲ. ಬಾಲದ ಉಂಗುರವನ್ನು ಮಾತ್ರ ಹಾಗೆಯೇ ಬಿಡಬೇಡಿ. ಅದು ಬಿಗಿದು ರಕ್ತ ನಿಂತರೆ ತುದಿ ಕಪ್ಪಾಗಿ ಸತ್ತುಹೋಗುತ್ತದೆ. ನೀರಿನಲ್ಲಿ ಕರಿಯ ಚುಕ್ಕಿಗಳು ತೇಲಿದರೆ ಅವು ಹೇನಿನಂಥ ನುಸಿಗಳು, ಪೊರೆ ಕೆಡುವುದಕ್ಕೆ ಅವೂ ಒಂದು ಕಾರಣ. ಕಣ್ಣಿನ ಪದರ? ತೇವ ಸರಿಮಾಡಿ ಕಾಯಿರಿ. ಸಾಮಾನ್ಯವಾಗಿ ಮುಂದಿನ ಪೊರೆಯೊಂದಿಗೆ ತಾನಾಗಿಯೇ ಹೋಗುತ್ತದೆ. ಆಗಲೂ ಹೋಗದಿದ್ದರೆ, ಅಥವಾ ಕಣ್ಣು ಊದಿದರೆ ತಕ್ಷಣವೇ, ಸರೀಸೃಪಗಳನ್ನು ನೋಡುವ ವೈದ್ಯರ ಬಳಿಗೆ ಹೋಗಿ. ಅಂಗಡಿಗೆ ಫೋನು ಮಾಡಬೇಡಿ.

ಗುಂಡ ಚೆನ್ನಾಗಿದ್ದಾನೆ. ತುಟಿಯಂಚಿನ ಗುಳಿಗಳಲ್ಲಿ ಶಾಖ ಹಿಡಿಯುವ ಶಕ್ತಿಯಿರುವುದರಿಂದ, ಬೆಚ್ಚಗೆ ಮಾಡಿ ಕೊಟ್ಟ ಇಲಿಯನ್ನು ಈಗಲೂ ಗುರಿ ತಪ್ಪದೆ ಹಿಡಿಯುತ್ತಾನೆ. ಹೋದ ತಿಂಗಳು ಪಾಚಿಯ ಡಬ್ಬಿಯಿಂದ ಪೊರೆ ಇಡಿಯಾಗಿ ಬಂತು. ಮಗಳು ತಲೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣಿನ ಜಾಗದಲ್ಲಿ ಗಾಜಿನಂಥ ಪುಟ್ಟ ಬಿಲ್ಲೆ, ಇನ್ನೊಂದರಲ್ಲಿ ಹೊಲಿಗೆಯ ಗೆರೆ.